ಬಂಪರ್ ಪ್ಲಾಸ್ಟಿಕ್ ಕತ್ತರಿಸೋಕೆ ಗ್ರೈಂಡರ್ ಬೇಡ

ಪಿಕಪ್, ಲಾರಿ ಬಂಪರಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಯನ್ನು ಮನೆಯಲ್ಲೇ ಕತ್ತರಿಸುವುದಾದರೆ ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು. ಒಂದು ತುದಿಗೆ ಬಟ್ಟೆ ಸುತ್ತಿ ಟೇಪ್ ಹಾಕಿದರೆ ಫ್ರೇಮೂ ಬೇಡ, ಇಕ್ಕಟ್ಟಿನಲ್ಲೂ ಕೈ ಆಡುತ್ತದೆ. ಈ ಪಟ್ಟಿ ಹೆಚ್ಚಾಗಿ ಪಾಲಿಪ್ರೊಪಿಲೀನ್, ಹಿಂಬದಿಯಲ್ಲಿ ಪಿಪಿ ಎಂಬ ಅಚ್ಚು ಇರುತ್ತದೆ. ಅದು ಸುಮಾರು 160 ಡಿಗ್ರಿಗೇ ಕರಗುವುದರಿಂದ ಗ್ರೈಂಡರ್ ಡಿಸ್ಕ್ ಮುಂದೆ ಹೋದಂತೆ ಹಿಂದಿನ ಸೀಳು ಮತ್ತೆ ಅಂಟಿಕೊಳ್ಳುತ್ತದೆ, ಅಂಚೂ ಉಂಡೆಗಟ್ಟುತ್ತದೆ. ಗೆರೆ ತಿರುಗುವ ಕಡೆ ಮೊದಲೇ 6 ಮಿ.ಮೀ. ತೂತು ಕೊರೆಯಿರಿ, ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಓಡುತ್ತದೆ. ಗೆರೆಯನ್ನು ಮಾಸ್ಕಿಂಗ್ ಟೇಪ್ ಮೇಲೆ ಎಳೆದು, 2 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಹೆರೆಯಿರಿ. ಜಿಗ್‌ಸಾ (ಕರೆಂಟಿನ ಸಣ್ಣ ಗರಗಸ) ಇದ್ದವರು ಅತಿ ಕಡಿಮೆ ವೇಗದಲ್ಲಿ, ದಪ್ಪ ಹಲ್ಲಿನ ಮರದ ಬ್ಲೇಡ್ ಹಾಕಿ. ಯಂತ್ರದ ಬಿಸಿಗೆ ಕರಗಿದ ಪುಡಿ ಸಣ್ಣ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಕೈಯಲ್ಲಿ ಎಳೆಯುವ ಹ್ಯಾಕ್ಸಾ ಬ್ಲೇಡ್ ಅಷ್ಟು ಬಿಸಿಯಾಗದು. ನಮ್ಮ ಕಡೆ ತೋಟದ ದಾರಿಯ ಕೆಸರು ಒಳಗೆಲ್ಲ ಒಣಗಿ ಕೂತಿರುತ್ತದೆ, ತೊಳೆಯದೆ ಶುರು ಮಾಡಿದರೆ ಬ್ಲೇಡ್ ಬೇಗ ಮೊಂಡಾಗುತ್ತದೆ. ಹಿಂದೆ ಫಾಗ್ ಲ್ಯಾಂಪಿನ ವೈರ್ ಇದೆಯೇ, ನೋಡಿಕೊಳ್ಳಿ. ಬಿಸಿಲಿಗೆ ಬಿಳಿಚಿಕೊಂಡ ಹಳೇ ಪಟ್ಟಿ ಹೇಗೆ ಕತ್ತರಿಸಿದರೂ ಚೂರಾಗಬಹುದು, ಚಳಿಗಾಲದ ಬೆಳಗ್ಗೆಯಂತೂ ಮುಟ್ಟಲೇಬೇಡಿ. ಫೈಬರ್‌ಗ್ಲಾಸ್ ಬಂಪರಿಗೆ ಈ ಉಪಾಯ ಆಗದು. ಅದಕ್ಕೆ ಗ್ರೈಂಡರೇ ಸರಿ, ಮಾಸ್ಕ್, ಕನ್ನಡಕದೊಂದಿಗೆ.