ಹೊಸ ಫೋನಿಗೆ ದುಡ್ಡು ಹಾಕುವ ಮುಂಚೆ

ಚಾರ್ಜ್ ಆಗುತ್ತಿಲ್ಲ ಅಂತ ನೇರ ಕೊಪ್ಪಿಕರ ರಸ್ತೆಯ ಅಂಗಡಿಗೆ ಓಡಬೇಡಿರಿ. ಹುಬ್ಬಳ್ಳಿಯ ಧೂಳು ಕಿಸೆಯ ನೂಲಿನೆಳೆ ಜತೆ ಸೇರಿ ಚಾರ್ಜಿಂಗ್ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಲಟಲಟ ಅಲ್ಲಾಡಿದರೆ ಅದೇ ಗುರುತು. ಫೋನ್ ಆಫ್ ಮಾಡಿ, ಒಣ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದರಿ ತೆಗೆಯಿರಿ. ಸೂಜಿ, ಪಿನ್ನು ಬೇಡ. ಒಳಗಿನ ಸಣ್ಣ ಸಂಪರ್ಕಗಳು ಹಾಳಾಗುತ್ತವೆ.

ಬ್ಯಾಟರಿ ಸಾಮರ್ಥ್ಯ ಹೊಸದಿದ್ದಾಗಿನ ಶೇ 80ಕ್ಕಿಂತ ಕೆಳಗಿಳಿದು, ಉಳಿದದ್ದೆಲ್ಲ ಸರಿಯಿದ್ದರೆ ಬ್ಯಾಟರಿಯಷ್ಟೇ ಬದಲಿಸಿದರೆ ಸಾಕು. ಹಿಂಬದಿ ಉಬ್ಬಿದ್ದರೆ ಮಾತ್ರ ಅವತ್ತೇ ಚಾರ್ಜ್ ನಿಲ್ಲಿಸಿರಿ, ಒತ್ತಿ ಕೂರಿಸಲು ಹೋಗಬೇಡಿರಿ. ಸ್ಟೋರೇಜ್ ತುಂಬಿದರೂ ಫೋನ್ ತೆವಳುತ್ತದೆ. ವಾಟ್ಸ್ಆ್ಯಪ್‌ನ ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಮೊದಲು ಅಳಿಸಿ ನೋಡಿರಿ.

ಫೋನನ್ನೇ ಬದಲಿಸಲೇಬೇಕಾದದ್ದು ಯಾವಾಗ? ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಅಪ್‌ಡೇಟ್ ದಿನಾಂಕ ನೋಡಿರಿ. ಅದು ವರ್ಷದ ಹಿಂದಿನದಾಗಿ, ಹೊಸದು ಬರುವುದೂ ನಿಂತಿದ್ದರೆ ಆ ಫೋನಿನಲ್ಲಿ ಯುಪಿಐ ನಡೆಸುವುದು ಒಳ್ಳೆಯದಲ್ಲ.

ಹೊಸದಕ್ಕೆ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. ಡಬ್ಬಿಯ ಮೇಲೆ ರ‍್ಯಾಮ್ ‘8+8’ ಎಂದಿದ್ದರೆ ಎರಡನೆಯ ಎಂಟು ಸ್ಟೋರೇಜಿನಿಂದ ಕಡ ತಂದದ್ದು, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿರಿ. ಮೆಗಾಪಿಕ್ಸೆಲ್ ಲೆಕ್ಕಕ್ಕೂ ಮರುಳಾಗಬೇಡಿರಿ. ಅಂಗಡಿಯ ಮಬ್ಬು ಮೂಲೆಯಲ್ಲಿ ಒಂದು ಫೋಟೊ ತೆಗೆದರೆ ಗೊತ್ತಾಗುತ್ತದೆ. ಎಷ್ಟು ವರ್ಷ ಅಪ್‌ಡೇಟ್ ಎಂದು ಕಂಪನಿಯ ಜಾಲತಾಣದಲ್ಲೇ ಓದಿರಿ.

ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿರಿ. ಪರದೆಯಲ್ಲಿ ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಡಬ್ಬಿ, ಬಿಲ್ಲು ಎರಡರಲ್ಲೂ ಅದೇ ಇರಬೇಕು. ಬಿಲ್ಲು ‘ನಾಳೆ ಕೊಡ್ತೀನಿ’ ಅಂದರೆ ಫೋನೂ ನಾಳೆಯೇ ಒಯ್ಯಿರಿ.