ಕ್ರೀಡಾಕೂಟದ ನಾಲ್ಕು ದಿನಕ್ಕೆ ಮನೆ ಬಾಡಿಗೆಗೆ ಕೊಡುವವರಿಗೆ

ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ರಾಜ್ಯಮಟ್ಟದ ಅಥ್ಲೆಟಿಕ್ಸ್ ಕೂಟ ಅಂದರೆ ತುಮಕೂರಿನ ಲಾಡ್ಜ್‌ಗಳಲ್ಲಿ ರೂಮು ಸಿಗುವುದು ಕಷ್ಟ. ಆಡುವ ಮಕ್ಕಳಿಗೆ ಹಾಸ್ಟೆಲ್ಲೋ ಕಲ್ಯಾಣ ಮಂಟಪವೋ ಹೇಗೋ ಆಗುತ್ತದೆ. ಜೊತೆಗೆ ಬರುವ ಅಪ್ಪ-ಅಮ್ಮಂದಿರು ಪರದಾಡುತ್ತಾರೆ. ಅಂಥವರಿಗೆ ನಾವು ಮನೆ ಬಿಟ್ಟುಕೊಟ್ಟು, ಕ್ಯಾತ್ಸಂದ್ರದಲ್ಲಿರುವ ನಾದಿನಿ ಮನೆಗೆ ಹೋಗಿಬಿಡುತ್ತೇವೆ. ಹೇಗೆ ಮಾಡ್ತೀರಿ ಅಂತ ಬೀದಿಯವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬಾಡಿಗೆಯಲ್ಲಿ ದುರಾಸೆ ಬೇಡ. ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. ಆ ಕಡೆಯವರು ಸಂಜೆ ರೈಲು ಹತ್ತಿ ಮನೆಗೆ ಹೋಗುತ್ತಾರೆ. ಉಳಿದುಕೊಳ್ಳುವವರು ರಾಯಚೂರು, ಬೆಳಗಾವಿ, ಉಡುಪಿ ಕಡೆಯವರು. ಸುತ್ತಮುತ್ತ ಒಂದು ಲಾಡ್ಜ್ ರೂಮಿಗೆ ಎಷ್ಟಿದೆ ಅಂತ ವಿಚಾರಿಸಿ. ಎರಡು ರೂಮಿನ ಮನೆಗೆ ಅಂಥ ಎರಡು ರೂಮಿನ ಬಾಡಿಗೆಗಿಂತ ಸ್ವಲ್ಪ ಕಡಿಮೆ ಹೇಳಿ, ಸಾಕು. ತಲೆಗಿಷ್ಟು ಅಂತ ಲೆಕ್ಕ ಇಟ್ಟರೆ ಜನ ತಲೆ ಬಚ್ಚಿಡುತ್ತಾರೆ. ಇಡೀ ಮನೆಗೆ ಇಷ್ಟು, ಆರು ಜನಕ್ಕಿಂತ ಜಾಸ್ತಿ ಇಲ್ಲ, ಅಷ್ಟೇ.

ಕೂಟದ ಬಾಡಿಗೆಯಲ್ಲಿ ಒಂದು ವಿಶೇಷ ತಕರಾರು ಇದೆ. ಮಗು ಮೊದಲ ದಿನವೇ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಓಟದಲ್ಲಿ, ಹೊರಬಿದ್ದರೆ ಮನೆಯವರು ಅವತ್ತೇ ರಾತ್ರಿ ಬಸ್ಸಿಗೆ ಹೊರಡುತ್ತಾರೆ. ಉಳಿದ ದಿನಗಳ ದುಡ್ಡು? ಅಳುತ್ತಾ ಕೂತಿರುವ ಹುಡುಗಿಯ ಮುಂದೆ ಈ ಮಾತು ಎತ್ತಲು ಯಾರಿಗೂ ಮನಸ್ಸು ಬರಲ್ಲ. ಹಾಗಾಗಿ ಅಡ್ವಾನ್ಸ್ ತಗೊಳ್ಳುವಾಗಲೇ ಹೇಳಿಬಿಡಿ. ನಾನು ಹೇಳುವುದು ಇಷ್ಟು: ಬಾಡಿಗೆ ಪೂರ್ತಿ ಕೂಟಕ್ಕೆ, ನೀವು ಬಿಟ್ಟ ದಿನಗಳಿಗೆ ಬೇರೆಯವರು ಸಿಕ್ಕರೆ ಆ ದುಡ್ಡು ವಾಪಸ್. ಮಳೆ ಬಂದು ಕೂಟ ಒಂದು ದಿನ ಮುಂದೆ ಹೋದರೆ ಏನು ಅನ್ನುವುದನ್ನೂ ಸೇರಿಸಿ. ದಿನಾಂಕ, ಜನ, ಬಾಡಿಗೆ, ಅಡ್ವಾನ್ಸ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಅಡ್ವಾನ್ಸ್ ಅಂದಮೇಲೆ ಇನ್ನೊಂದು ಮಾತು. "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಮೇಡಂ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ.

ಇನ್ನು ಕಾಗದಪತ್ರ. ನೀವೇ ಬಾಡಿಗೆ ಮನೆಯಲ್ಲಿದ್ದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಬರುವವರ ಆಧಾರ್ ಪ್ರತಿ ತಗೊಳ್ಳಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆದರೂ ಸಾಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕೊಡಬೇಕು. ಬಂದ ಬಾಡಿಗೆಯನ್ನು ಐಟಿ ರಿಟರ್ನ್ಸ್‌ನಲ್ಲಿ ತೋರಿಸಿ. ವರ್ಷವಿಡೀ ಇದನ್ನೇ ಮಾಡುವ ಯೋಚನೆ ಇದ್ದರೆ ಅದು ಹೋಂಸ್ಟೇ ಆಯಿತು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಿ.

ಈಗ ಅಸಲಿ ವಿಷಯ, ನೀರು. ನಮಗೆ ಬುಗುಡನಹಳ್ಳಿಯಿಂದ ಹೇಮಾವತಿ ನೀರು ಬರುತ್ತದೆ, ಆದರೆ ನಲ್ಲಿ ದಿನಾ ಬರಲ್ಲ. ಕರಾವಳಿಯವರಿಗೆ ಇದು ಅರ್ಥವೇ ಆಗಲ್ಲ. ಅವರು ಬೆಳಿಗ್ಗೆ ಒಂದು ಸಲ, ಓಡಿ ಬಂದು ಒಂದು ಸಲ ಸ್ನಾನ ಮಾಡುತ್ತಾರೆ. ಹಿಂದಿನ ದಿನವೇ ಸಂಪು ತುಂಬಿಸಿ, ಬೇಕಾದರೆ ಟ್ಯಾಂಕರ್ ಹಾಕಿಸಿ. ಮೋಟಾರ್ ಸ್ವಿಚ್ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಎಷ್ಟು ನಿಮಿಷಕ್ಕೆ ಟ್ಯಾಂಕ್ ತುಂಬುತ್ತದೆ, ಯಾವಾಗ ಆಫ್ ಮಾಡಬೇಕು. ಸೋಲಾರ್ ಇದ್ದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ. ಗೊತ್ತಿಲ್ಲದವರು ಅದನ್ನು ಸುಮ್ನೆ ಚೆಲ್ಲುತ್ತಾರೆ. ನಲ್ಲಿ ಕೆಳಗೆ ಒಂದು ಖಾಲಿ ಬಕೆಟ್ ಇಟ್ಟು "ಮೊದಲ ನೀರು ಇದಕ್ಕೆ" ಅಂತ ಚೀಟಿ ಅಂಟಿಸಿ. ಕುಡಿಯಲು ಎರಡು 20 ಲೀಟರ್ ಕ್ಯಾನ್ ತುಂಬಿಸಿಡಿ.

ಗೃಹಜ್ಯೋತಿ ಇರುವವರು ಕರೆಂಟಿನ ಕಡೆ ಒಂದು ಕಣ್ಣಿಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಎಸಿ, ಗೀಸರ್ ಇರುವ ಮನೆಯಲ್ಲಿ ನಾಲ್ಕು ದಿನದ ಧಾರಾಳ ಸಾಕು, ತಿಂಗಳ ಲೆಕ್ಕ ಕೆಡಲು. ಕೀ ಕೊಡುವಾಗ ಮೀಟರ್ ಫೋಟೋ ತೆಗೆದು ಅವರಿಗೂ ಕಳಿಸಿ.

ಮನೆ ಸಿದ್ಧ ಮಾಡುವುದು ಸುಲಭ. ಒಡವೆ, ಪತ್ರಗಳು ಬ್ಯಾಂಕ್ ಲಾಕರಿಗೆ. ಒಂದು ಬೀರುವಿಗೆ ಬೀಗ. ಬಿಳಿ ಬೆಡ್‌ಶೀಟ್ ಹಾಸಬೇಡಿ. ಮಕ್ಕಳು ರಾತ್ರಿ ಕಾಲಿಗೆ ನೋವಿನೆಣ್ಣೆ ತಿಕ್ಕಿಕೊಂಡು ಮಲಗುತ್ತಾರೆ, ಆ ಹಳದಿ ಕಲೆ ಯಾವ ಸೋಪಿಗೂ ಬಗ್ಗಲ್ಲ. ಸ್ಪೈಕ್ಸ್ ಶೂ ಹೊಸ್ತಿಲ ಆಚೆಗೇ ಬಿಡಬೇಕು. ಅದರ ತಳದಲ್ಲಿ ಮೊಳೆಗಳಿರುತ್ತವೆ, ನಮ್ಮದೋ ಅತ್ತೆ ಕಾಲದ ರೆಡ್ ಆಕ್ಸೈಡ್ ನೆಲ. ಬಾಗಿಲ ಹೊರಗೆ ಒಂದು ಗೋಣಿತಾಟು, ಒಂದು ಶೂ ಸ್ಟ್ಯಾಂಡ್ ಇಟ್ಟಿದ್ದೇನೆ.

ಅಡುಗೆಮನೆ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಅದನ್ನು ಫೋನಿನಲ್ಲೇ ಹೇಳುತ್ತೇನೆ. ಆದರೆ ಓಡುವ ಹುಡುಗರಿಗೆ ಮೊಟ್ಟೆ ಬೇಡ ಅನ್ನುವುದು ನ್ಯಾಯವಲ್ಲ, ಅಲ್ವಾ? ಅದಕ್ಕೆ ಬೇರೆಯೇ ಒಂದು ಪಾತ್ರೆ, ಒಂದು ಇಂಡಕ್ಷನ್ ಒಲೆ ಹಿತ್ತಲ ಕಡೆ ಇಟ್ಟಿರುತ್ತೇನೆ. ಅತ್ತೆಯವರು ಮೊದಲು ಮುಖ ತಿರುಗಿಸಿದರು, ಈಗ ಅವರೇ ಪಾತ್ರೆ ಎತ್ತಿಡುತ್ತಾರೆ. ದೇವರ ಮನೆಗೆ ಬೀಗ ಹಾಕುತ್ತೇವೆ. ಎರಡನೇ ಸಿಲಿಂಡರ್ ತುಂಬಿರಲಿ. ಉಡುಪಿಯವರು ಕುಚ್ಚಲಕ್ಕಿ, ಬೆಳಗಾವಿಯವರು ಜೋಳದ ಹಿಟ್ಟು ತಾವೇ ತರುತ್ತಾರೆ. ನೀವು ದೊಡ್ಡ ಕುಕ್ಕರ್, ರೊಟ್ಟಿ ಹಂಚು ಕೊಟ್ಟರೆ ಆಯಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನದೆ ಯಾರೂ ಊರು ಬಿಡಲ್ಲ, ಓಟ ಮುಗಿದ ಮೇಲೆ ತಿನ್ನಿ ಅಂತ ಮಾತ್ರ ಹೇಳುತ್ತೇನೆ.

ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ, ಒಂದು ಕೀ ಅವರ ಹತ್ತಿರ ಇರಲಿ. ದೂರದ ಓಟ, ನಡಿಗೆ ಸ್ಪರ್ಧೆ ಬಿಸಿಲೇರುವ ಮುಂಚೆ ಇಡುತ್ತಾರೆ. ಹಾಗಾಗಿ ಬೆಳಗಿನ ಜಾವವೇ ಗೇಟಿನ ಸದ್ದು ಶುರುವಾಗುತ್ತದೆ ಅಂತಲೂ ಹೇಳಿರಿ.

ಹೊರಡುವ ದಿನ ನೀವೇ ಬನ್ನಿ. ಮೀಟರ್, ಸಿಲಿಂಡರ್, ನಲ್ಲಿಗಳು, ಪಾತ್ರೆಗಳನ್ನು ಅವರ ಎದುರಿಗೇ ನೋಡಿ. ಏನೂ ಕೆಟ್ಟಿಲ್ಲವಾದರೆ ಡಿಪಾಸಿಟ್ ಅಲ್ಲೇ ನಿಂತು ಫೋನಿನಲ್ಲಿ ವಾಪಸ್ ಹಾಕಿ, ನಾಳೆ ಅನ್ನಬೇಡಿ. ಕೋಚ್ ನಂಬರ್ ಇಟ್ಟುಕೊಳ್ಳಿ, ಮುಂದಿನ ಕೂಟಕ್ಕೆ ಜನ ಕಳಿಸುವುದು ಅವರೇ.