ಡಾಗ್‌ವುಡ್ ಆಸೆಗೆ ಬದುವಿನ ಅಂಕೋಲೆ

ಮೈತುಂಬ ಬಿಳಿ ಹೂ ಹೊತ್ತ ಡಾಗ್‌ವುಡ್ ಮರದ ಫೋಟೊ ನೋಡಿ, ‘ಇದು ಚಿತ್ರದುರ್ಗದಲ್ಲಿ ಬರುತ್ತದೆಯೇ?’ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಅಮೆರಿಕದ ಆ ಮರಕ್ಕೆ ಮೈ ಕೊರೆಯುವ ಚಳಿಗಾಲ ಬೇಕು. ಸುಮ್ನೆ ಸಸಿ ತರಿಸಿ ದುಡ್ಡು ಕಳೆಯಬೇಡಿ. ಡಾಗ್‌ವುಡ್‌ನ ಸಸ್ಯ ಕುಟುಂಬವಾದ ಕಾರ್ನೇಸಿಗೇ ಸೇರಿದ ಅಂಕೋಲೆ ನಮ್ಮ ಒಣಭೂಮಿಯದೇ ಗಿಡ. ಅದನ್ನೇ ಬೆಳೆಸಿ.

ಮೊದಲು ಮರ ಗುರುತಿಸಿ. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಎಲೆ ಉದುರಿದ ಕೊಂಬೆಗಳಲ್ಲಿ ಘಮ್ಮೆನ್ನುವ ಬಿಳಿ ಹೂ ಬಿಡುತ್ತದೆ. ಎಸಳು ಕಿರಿದು, ಹಿಂದಕ್ಕೆ ಬಾಗಿರುತ್ತದೆ. ಫೋಟೊದ ಡಾಗ್‌ವುಡ್‌ನಲ್ಲಿ ನಾವು ಎಸಳು ಅಂದುಕೊಳ್ಳುವುದು ಬಣ್ಣ ತಿರುಗಿದ ಎಲೆ. ಅಂಕೋಲೆಯದು ನಿಜವಾದ ಎಸಳು.

ಬೇಸಿಗೆ ಮುಗಿಯುವ ಹೊತ್ತಿಗೆ ಕಪ್ಪು ಕೆಂಪಗೆ ಮಾಗಿದ ಹಣ್ಣು ಆಯ್ದುಕೊಳ್ಳಿ. ಜೋಗಿಮಟ್ಟಿ ವನ್ಯಧಾಮಕ್ಕೆ ಕೈ ಹಾಕಬೇಡಿ, ಹೊಲದ ಬದುವಿನ ಮರ ಸಾಕು. ಉದುರಿದ ಬೀಜ ತಾನೇ ಮೇಲೇರಿ ಮರಕ್ಕೆ ಅಂಟಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯಿದೆ. ಬೆಳಿಗ್ಗೆ ಹೋದರೆ ನೆಲದಲ್ಲೇ ಸಿಗುತ್ತದೆ ಬಿಡಿ! ಹಣ್ಣಿನ ಬಿಳಿ ತಿರುಳು ತಿನ್ನಬಹುದು. ಬೇರಿನ ತೊಗಟೆಯನ್ನು ಮಾತ್ರ ಔಷಧಿ ಎಂದು ಮನೆಯಲ್ಲಿ ಕುದಿಸಿ ಕುಡಿಯಬೇಡಿ. ವಾಂತಿ ತರಿಸುತ್ತದೆ.

ಬೀಜವನ್ನು ಮರಳಿನಲ್ಲಿ ತಿಕ್ಕಿ, ಅಂಟು ಹೋಗುವಂತೆ ತೊಳೆದು, ನೆರಳಲ್ಲಿ ಆರಿಸಿ. ಹಳೆಯದಾಗಲು ಬಿಡದೆ ಬಿತ್ತಿ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮನಾಗಿ ಕಲಸಿ, ಉದ್ದನೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ. ಬೀಜ ಅರ್ಧ ಇಂಚು ಆಳದಲ್ಲಿರಲಿ. ಮಣ್ಣು ತೇವವಾಗಿದ್ದರೆ ಸಾಕು, ನೀರು ಜಾಸ್ತಿಯಾದರೆ ಬೀಜ ಕೊಳೆಯುತ್ತದೆ. ಸಸಿ ಬಂದ ಮೇಲೆ ಆಗಾಗ ಚೀಲ ಎತ್ತಿ ಜಾಗ ಬದಲಿಸಿ. ಇಲ್ಲದಿದ್ದರೆ ಬೇರು ಚೀಲ ತೂರಿ ನೆಲಕ್ಕಿಳಿಯುತ್ತದೆ. ಆಮೇಲೆ ಕೀಳುವಾಗ ಅದೇ ತುಂಡಾಗುತ್ತದೆ.

ನೆಡುವ ಕಾಲದ ವಿಷಯದಲ್ಲಿ ನನ್ನದು ಬೇರೆ ಲೆಕ್ಕ. ಜೂನ್ ಬಂತೆಂದರೆ ಎಲ್ಲರೂ ಗುಂಡಿ ತೋಡುತ್ತಾರೆ. ಮಲೆನಾಡಿಗೆ ಅದು ಸರಿ. ನಮ್ಮ ಕಡೆ, ಅದರಲ್ಲೂ ಚಳ್ಳಕೆರೆ, ಹಿರಿಯೂರಿನಲ್ಲಿ, ಜುಲೈ ಎಂದರೆ ಬರೀ ಗಾಳಿ ಮತ್ತು ತುಂತುರು, ಅಲ್ವಾ? ಒಳ್ಳೆಯ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಸಸಿಯನ್ನು ಒಂದು ವರ್ಷ ಚೀಲದಲ್ಲೇ ಬೆಳೆಸಿ, ಮುಂದಿನ ವರ್ಷ ಸೆಪ್ಟೆಂಬರ್ ಮೊದಲ ಭಾಗದ ಹುಬ್ಬೆ ಮಳೆಗೆ ನೆಡಿ. ಗುಂಡಿ ಒಂದೂವರೆ ಅಡಿ ಆಳವಿದ್ದರೆ ಸಾಕು. ಅದನ್ನು ಬೇಸಿಗೆಯಲ್ಲೇ ತೋಡಿಟ್ಟರೆ ಮಣ್ಣು ಬಿಸಿಲಿಗೆ ಒಣಗಿರುತ್ತದೆ. ಬೇಲಿಗಾದರೆ ಮೂರು ಅಡಿಗೊಂದು, ಮರವಾಗಬೇಕಿದ್ದರೆ ಹದಿನೈದು ಅಡಿಗೊಂದು.

ಸುತ್ತ ಜಾಲಿ ಮುಳ್ಳು ಕಟ್ಟಿ. ಕುರಿಮಂದೆ ಹಾಯುವ ದಾರಿಯಲ್ಲಿ ಎಳೆಯ ಗಿಡ ಉಳಿಯುವುದಿಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ನೀರು ಕೊಟ್ಟು, ಬುಡಕ್ಕೆ ಶೇಂಗಾ ಹೊಟ್ಟು ಹರಡಿ.

ಬೇಲಿ ದಟ್ಟವಾಗಲು ಎರಡನೇ ವರ್ಷದಿಂದ ತುದಿ ಸವರಿ. ಹೂ ಮುಗಿಯುವ ಮೊದಲು ಮಾತ್ರ ಕತ್ತರಿ ಹಾಕಬೇಡಿ. ಸಾಲಿನಲ್ಲಿ ಒಂದೆರಡು ಗಿಡಗಳನ್ನು ಸವರದೆ ಮರವಾಗಲು ಬಿಡಿ, ಮುಂದೆ ಬೀಜಕ್ಕೆ ಬೇಕಾಗುತ್ತದೆ.